ಮರಕೆಸುವಿನ ಎಲೆ ಹಳದಿಯಾಗಿ ಬೀಳ್ತಿದೆ, ನೀರು ಹೆಚ್ಚಿಸಲಾ? (ಪುಣೆ, ಬಾಲ್ಕನಿ)

ಕೋಥ್ರೂಡ್ ಕೈತೋಟ:
ಪುತ್ತೂರಿನಿಂದ ಅತ್ತೆ ಕೊಟ್ಟ ಗಡ್ಡೆ. ಉತ್ತರದ ಬಾಲ್ಕನಿ, ನೇರ ಬಿಸಿಲಿಲ್ಲ. ಪ್ಲಾಸ್ಟಿಕ್ ಕುಂಡ, ನರ್ಸರಿಯ ಕೆಂಪುಮಣ್ಣು. ಆಗಸ್ಟ್‌ನಲ್ಲಿ ಚಂದದ ಎಲೆ ಬಂತು. ದೀಪಾವಳಿ ಕಳೆದದ್ದೇ ಅಂಚು ಹಳದಿ, ಈಗ ದಂಟೂ ಒರಗಿದೆ. ಹುಳು ಕಾಣೋದಿಲ್ಲ. ನೀರು ಹೆಚ್ಚಿಸಲಾ? ಇನ್ನೊಂದು, ಇದರ ಎಲೆಗೆ ಹಿಟ್ಟು ಸವರಿ ಬೇಯಿಸಿದ ಪತ್ರೊಡೆ ತಿಂದು ಮಗಳಿಗೆ ಗಂಟಲು ತುರಿಸಿತು. ಮರಕೆಸು ತುರಿಸೋದಿಲ್ಲ ಅಂತಾರಲ್ಲ?

ಫೋಂಡಾ ತೋಟ:
ಅಕ್ಕಾ, ನೀರು ಪೂರ್ತಿ ನಿಲ್ಲಿಸಿ. ಅದು ರೋಗವಲ್ಲ. ಮಳೆ ಹೋದ ಮೇಲೆ ಮರಕೆಸು ಎಲೆ ಉದುರಿಸಿ ಗಡ್ಡೆಯಾಗಿ ಮಲಗುತ್ತದೆ, ಮುಂದಿನ ಮಳೆಗೆ ಏಳುತ್ತದೆ. ಈಗ ನೀರೆರೆದರೆ ಕೊಳೆಯುವುದೇ. ನನಗೆ ಚಿಂತೆ ನಿಮ್ಮ ಮಣ್ಣಿನದು. ಕಾಡಿನಲ್ಲಿ ಇದು ಮರದ ಕವಲಲ್ಲಿ, ಬಂಡೆಯ ಸಂದಿನಲ್ಲಿ, ಪಾಚಿ ಮತ್ತು ಕೊಳೆತ ತರಗೆಲೆಯ ಮೇಲೆ ಬದುಕುತ್ತದೆ. ಎಷ್ಟು ಮಳೆ ಸುರಿದರೂ ಬೇರಿನಲ್ಲಿ ನೀರು ನಿಲ್ಲುವುದಿಲ್ಲ. ಕೆಂಪುಮಣ್ಣು ಒದ್ದೆಯಾದರೆ ಗಟ್ಟಿಯಾಗಿ ಕೂರುತ್ತದೆ. ಮೇ ಕೊನೆಗೆ ಮಣ್ಣಿನ ಕುಂಡಕ್ಕೆ ಬದಲಿಸಿ: ತೆಂಗಿನ ನಾರು, ಮರದ ತೊಗಟೆ ಚೂರು, ಎಲೆಗೊಬ್ಬರ, ಒಂದು ಹಿಡಿ ಮಣ್ಣು. ಸೊಸೈಟಿಯಲ್ಲಿ ಮಾವಿನ ಮರ ಇದ್ದರೆ ಕವಲಿನಲ್ಲಿ ನಾರು ತುಂಬಿ ಗಡ್ಡೆ ಇಡಿ, ಅದಕ್ಕಿಂತ ಒಳ್ಳೆ ಜಾಗವೇ ಇಲ್ಲ.

ಮಾಟುಂಗಾ ಅಡುಗೆಮನೆ:
ತುರಿಕೆಗೆ ನಾನು ಹೇಳ್ತೇನೆ. ಕೆಸುವಿನ ಜಾತಿಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ, ಅವೇ ಚುಚ್ಚುವುದು. ಮರಕೆಸುವಿನಲ್ಲಿ ಉಪದ್ರ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ ಮಾರಾಯ್ರೆ. ಎಳೆ ಎಲೆ ಕೊಯ್ದು, ಹಿಂಬದಿಯ ದಪ್ಪ ನಾರು ಕೆತ್ತಿ ತೆಗೆಯಿರಿ. ಅಕ್ಕಿ, ತೆಂಗಿನಕಾಯಿ, ಮೆಣಸು ರುಬ್ಬುವಾಗ ಹುಣಸೆ ಧಾರಾಳವಾಗಿ ಹಾಕಿ, ಹಿಟ್ಟು ನಾಲಿಗೆಗೆ ಹುಳಿಯಾಗಿ ತಗುಲಬೇಕು. ಆಮೇಲೆ ಹಬೆಯಲ್ಲಿ ಮುಕ್ಕಾಲು ಗಂಟೆಯಾದರೂ ಬೇಯಲಿ. ಇಡ್ಲಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಿಡ್ನಿ ಕಲ್ಲು ಇದ್ದವರು ದೂರ ಇರುವುದೇ ಲೇಸು.

ಕೋಥ್ರೂಡ್ ಕೈತೋಟ:
ಹುಣಸೆ ಸ್ವಲ್ಪವೇ ಹಾಕಿದ್ದು, ಮಗಳಿಗೆ ಹುಳಿ ಆಗೋದಿಲ್ಲ ಅಂತ. ಈಗ ಗಡ್ಡೆ ಅಗೆದು ನೋಡಿದೆ, ಒಂದು ಬದಿ ಮೆತ್ತಗಿದೆ, ಉಳಿದದ್ದು ಗಟ್ಟಿ. ಪಕ್ಕದಲ್ಲಿ ಒಂದು ನೆಟ್ಟಗಿನ ಕಡ್ಡಿ, ಅದರ ತುಂಬ ಮುಳ್ಳುಮುಳ್ಳಾದ ಸಣ್ಣ ಕಾಳುಗಳು ಬಟ್ಟೆಗೆ ಅಂಟ್ತಿವೆ. ಕೀಟದ ಮೊಟ್ಟೆಯಾ?

ಫೋಂಡಾ ತೋಟ:
ಅಯ್ಯೋ, ಎಸೆಯಬೇಡಿ! ಅವು ಮರಿಗಡ್ಡೆ. ಕೊಕ್ಕೆಯಿಂದ ತೊಗಟೆಗೆ, ಹಕ್ಕಿಯ ಪುಕ್ಕಕ್ಕೆ ಅಂಟಿಕೊಂಡು ಮರದಿಂದ ಮರಕ್ಕೆ ಹೋಗುತ್ತವೆ. ಕಾಗದದ ಪೊಟ್ಟಣದಲ್ಲಿ ಇಡಿ, ಮೊದಲ ಮಳೆಗೆ ಒದ್ದೆ ನಾರಿನ ಮೇಲೆ ಉದುರಿಸಿ. ದೊಡ್ಡ ಗಡ್ಡೆಯ ಮೆತ್ತಗಿನ ಭಾಗ ಗಟ್ಟಿ ಸಿಗುವವರೆಗೆ ಕೊಯ್ದು, ಬೂದಿ ಸವರಿ, ನೆರಳಲ್ಲಿ ಒಣಗಿಸಿ.