ನುಂಗುವ ತೊಂದರೆ ಇದ್ದರೆ ಇಲ್ಲಿ ಕೇಳಿ

ಥೆರಪಿಸ್ಟ್: ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಮಾತು ಮತ್ತು ನುಂಗುವಿಕೆಯ ಥೆರಪಿಸ್ಟ್. ಮಾತಿಗೆ ಥೆರಪಿ ಇದೆ ಅಂತ ಎಲ್ಲರಿಗೂ ಗೊತ್ತು, ನುಂಗೋದಕ್ಕೂ ಇದೆ ಅನ್ನೋದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮಕ್ಕಳದ್ದಾಗಲಿ ದೊಡ್ಡವರದ್ದಾಗಲಿ ಈ ಗ್ರೂಪಲ್ಲಿ ಕೇಳಿ. ವಯಸ್ಸು, ಕಾಯಿಲೆ, ಈಗ ಏನು ತಿನ್ನಿಸುತ್ತಿದ್ದೀರಿ, ಜ್ವರ ಇದೆಯಾ, ತೂಕ ಇಳಿದಿದೆಯಾ, ಇಷ್ಟು ಬರೆಯಿರಿ.

ಹೊಸನಗರದಿಂದ: ಮೇಡಂ, ಅಪ್ಪಯ್ಯನಿಗೆ 68. ಸ್ಟ್ರೋಕ್ ಆಗಿ ಒಂದೂವರೆ ತಿಂಗಳಾಯ್ತು. ಮೂಗಿನ ಪೈಪಲ್ಲೇ ಊಟ ಕೊಡುತ್ತಿದ್ದೆವು, ಹೋದ ವಾರ ಅವರೇ ಎಳೆದು ಹಾಕಿದರು. ಮತ್ತೆ ಹಾಕಿಸಿಕೊಳ್ಳೋಕೆ ಒಪ್ಪುತ್ತಿಲ್ಲ. ಈಗ ಗಂಜಿ ಕೊಡುತ್ತಿದ್ದೇವೆ. ಚೂರೂ ಕೆಮ್ಮಲ್ಲ, ಚೆನ್ನಾಗೇ ನುಂಗುತ್ತಾರೆ. ಊಟ ಆದಮೇಲೆ ಸ್ವರ ಮಾತ್ರ ಗೊರಗೊರ ಅನ್ನುತ್ತೆ. ಸಂಜೆ ಮೈ ಸ್ವಲ್ಪ ಬಿಸಿ. ಗಂಜಿ ಜೊತೆ ಇನ್ನೇನು ಕೊಡಬಹುದು?

ಥೆರಪಿಸ್ಟ್: ಇನ್ನೇನು ಕೊಡಬಹುದು ಅನ್ನೋದು ಆಮೇಲೆ. ಮೊದಲು ಗಂಜಿ ನಿಲ್ಲಿಸಿ.

ಅನ್ನದ ದಾರಿ, ಉಸಿರಿನ ದಾರಿ ಎರಡೂ ಗಂಟಲಲ್ಲಿ ಒಂದೇ. ನುಂಗುವ ಆ ಒಂದು ಕ್ಷಣ ಧ್ವನಿಪೆಟ್ಟಿಗೆ ಮೇಲೆದ್ದು, ಉಸಿರಿನ ಬಾಯಿ ಮುಚ್ಚಿಕೊಂಡು, ಊಟ ಹಿಂದಿನ ಅನ್ನನಾಳಕ್ಕೆ ಜಾರುತ್ತೆ. ಸ್ಟ್ರೋಕ್ ಆದವರಲ್ಲಿ ಈ ಮುಚ್ಚುವಿಕೆ ತಡವಾಗುತ್ತೆ, ಅಥವಾ ಪೂರ್ತಿ ಆಗಲ್ಲ. ನಮಗೆ ನಿಮಗೆ ಒಂದು ತೊಟ್ಟು ತಪ್ಪಿಹೋದರೆ ಕೆಮ್ಮಿ ಹೊರಗೆ ಹಾಕುತ್ತೇವೆ. ಅವರಿಗೆ ಗಂಟಲಿನ ಸ್ಪರ್ಶವೇ ಮಂಕಾಗಿರಬಹುದು. ಆಗ ಕೆಮ್ಮೇ ಬರಲ್ಲ, ಊಟ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತೆ. ಇದಕ್ಕೆ ಸೈಲೆಂಟ್ ಆಸ್ಪಿರೇಷನ್ ಅಂತಾರೆ. ಕೆಮ್ಮಲ್ಲ ಅನ್ನೋದನ್ನು ನೀವು ಒಳ್ಳೇದು ಅಂದುಕೊಂಡಿದ್ದೀರಿ. ಗೊರಗೊರ ಸ್ವರ, ಸಂಜೆಯ ಬಿಸಿ ಎರಡನ್ನೂ ಅದರ ಪಕ್ಕ ಇಟ್ಟು ನೋಡಿದರೆ ನನಗೆ ಭಯ ಆಗೋದೇ ಆ ಕೆಮ್ಮಿಲ್ಲದಿರೋದಕ್ಕೆ.

ಇನ್ನು ಗಂಜಿ. ನಮ್ಮ ಕಡೆ ಹುಷಾರಿಲ್ಲ ಅಂದರೆ ಗಂಜಿ, ಅದಕ್ಕಿಂತ ಹಗುರ ಇನ್ನೊಂದಿಲ್ಲ ಅನ್ನೋ ನಂಬಿಕೆ. ಹೊಟ್ಟೆಗೆ ಹಗುರ, ಹೌದು. ಗಂಟಲಿಗೆ ಅಲ್ಲ. ಗಂಜಿಯಲ್ಲಿ ತಿಳಿಯೂ ಇದೆ, ಅಗಳೂ ಇದೆ. ಬಾಯಿ ಅಗಳನ್ನು ಒಟ್ಟು ಮಾಡಿಕೊಳ್ಳುವಷ್ಟರಲ್ಲಿ ತಿಳಿ ಹರಿದು ಗಂಟಲಿಗೆ ಹೋಗಿರುತ್ತೆ, ಆಗಿನ್ನೂ ಉಸಿರಿನ ಬಾಯಿ ತೆರೆದೇ ಇರುತ್ತೆ. ನುಂಗುವ ತೊಂದರೆ ಇರುವವರಿಗೆ ಅತಿ ಕಷ್ಟದ ಊಟಗಳಲ್ಲಿ ಇದೂ ಒಂದು. ಸಾರು ಸುರಿದ ಅನ್ನ, ಹಾಲಲ್ಲಿ ನೆನೆಸಿದ ಅವಲಕ್ಕಿ ಕೂಡ ಹೀಗೇ.

ಇವತ್ತೇ ಡಾಕ್ಟರಿಗೆ ತೋರಿಸಿ, ಎದೆಯ ಎಕ್ಸ್‌ರೇ ತೆಗೆಸಿ. ಅವರು ನೋಡುವವರೆಗೆ ಬಾಯಿಂದ ಏನೂ ಬೇಡ, ಕಷಾಯವೂ ಬೇಡ. ಅದಕ್ಕೇ ನಾಳೆ ಅನ್ನಬೇಡಿ, ಉಪವಾಸ ಇಟ್ಟುಕೊಂಡು ಕಾಯುವ ಹಾಗಿಲ್ಲ. ಆಮೇಲೆ ನುಂಗುವ ಪರೀಕ್ಷೆ. ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು ಗಂಟಲು ನೋಡೋದು ಒಂದು, ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ಕುಡಿಸಿ ಎಕ್ಸ್‌ರೇ ವಿಡಿಯೊ ತೆಗೆಯೋದು ಇನ್ನೊಂದು. ಸದ್ದಿಲ್ಲದೆ ಇಳಿಯೋದು ಬರೀ ಕಣ್ಣಿಗೆ ಕಾಣಲ್ಲ, ನನಗೂ ಕಾಣಲ್ಲ. ಗದ್ದ ಬಗ್ಗಿಸಿ ನುಂಗಿ ಅಂತ ವಿಡಿಯೊ ಓಡಾಡುತ್ತೆ, ಅದು ಕೆಲವರಿಗೆ ಸಹಾಯ, ಕೆಲವರಿಗೆ ತೊಂದರೆ, ಪರೀಕ್ಷೆ ಇಲ್ಲದೆ ಮಾಡಿಸಬೇಡಿ. ಹಲ್ಲು, ನಾಲಿಗೆ ದಿನಾ ಉಜ್ಜಿ ಒರೆಸಿ. ಬಾಯಿಯ ಕೊಳೆಯೇ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗೋದು.

ಪೈಪ್ ಅಂದರೆ ಆಸೆ ಬಿಟ್ಟ ಹಾಗೆ ಅಂತ ಅಪ್ಪಯ್ಯ ಅಂದುಕೊಂಡಿರಬಹುದು. ಹಾಗಲ್ಲ ಅಂತ ಹೇಳಿ. ಸ್ಟ್ರೋಕ್ ಆದ ತುಂಬಾ ಜನ ಕೆಲವು ವಾರಗಳಲ್ಲಿ ಮತ್ತೆ ನುಂಗುತ್ತಾರೆ. ಅಲ್ಲಿಯವರೆಗೆ ಮೈಗೆ ಶಕ್ತಿ ಬೇಕಲ್ಲ, ಅದಕ್ಕೆ ಪೈಪ್. ಜಾಸ್ತಿ ದಿನ ಬೇಕಾದರೆ ಹೊಟ್ಟೆಗೇ ನೇರ ಹಾಕುವ ಪೈಪ್ ಇದೆ. ಜ್ವರ ಎಷ್ಟಿದೆ ನೋಡಿ ಬರೆಯಿರಿ.

ಶಿವಮೊಗ್ಗ, ವಿನೋಬನಗರ: ಮಗಳು ಊಟ ಮಾಡಲ್ಲ, ಒಳ್ಳೆ ಟಾನಿಕ್ ಹೇಳಿ.

ಥೆರಪಿಸ್ಟ್: ಹೇಳಲ್ಲ. ವಯಸ್ಸು, ತೂಕ ಬರೆಯಿರಿ.

ಶಿಕಾರಿಪುರದ ಅಮ್ಮ: ಮಗನಿಗೆ ಒಂದೂವರೆ ವರ್ಷ. ಮಿಕ್ಸಿಗೆ ಹಾಕಿದ್ದು ಬಿಟ್ಟು ಏನೂ ತಿನ್ನಲ್ಲ. ಒಂದು ಅಗಳು ಸಿಕ್ಕಿದರೂ ಓಕರಿಸುತ್ತಾನೆ. ಅತ್ತೆ ಕೈಕಾಲು ಹಿಡಿದು ಹಾಕು ಅಂತಾರೆ.

ಥೆರಪಿಸ್ಟ್: ಹಿಡಿದು ಹಾಕಬೇಡಿ. ಅಳುವಾಗ ಉಸಿರು ಎಳೆದುಕೊಳ್ಳುತ್ತಾನೆ, ಊಟವೂ ಅದರ ಜೊತೆ ಹೋಗುತ್ತೆ. 6 ತಿಂಗಳು ತುಂಬಿದ ಮೇಲೆ ಮೆತ್ತಗಿನದು ಶುರುವಾಗಿ, 9 ತಿಂಗಳ ಹೊತ್ತಿಗೆ ಸಣ್ಣ ಗಂಟು ಇರೋದು ಬಾಯಿಗೆ ಪರಿಚಯ ಆಗಿರಬೇಕಿತ್ತು. ಈಗ ನಿಧಾನಕ್ಕೆ ತನ್ನಿ. ಮಿಕ್ಸಿ ಬಿಟ್ಟು ಕೈಯಲ್ಲಿ ಕಿವುಚಿ, ಕೆಲವು ದಿನಕ್ಕೊಮ್ಮೆ ಚೂರು ತರಿ ಜಾಸ್ತಿ ಮಾಡಿ. ಚೆನ್ನಾಗಿ ಬೆಂದ ಸಿಹಿಗೆಣಸು ಕೈಗೆ ಕೊಡಿ, ಮುಟ್ಟಲಿ, ಮೆತ್ತಿಕೊಳ್ಳಲಿ. ಮೊಬೈಲ್ ಬೇಡ. ಓಕರಿಕೆಗೆ ಹೆದರಬೇಡಿ, ಅದರಲ್ಲಿ ಸದ್ದು ಇರುತ್ತೆ. ಸದ್ದೇ ಇಲ್ಲದೆ ಮುಖ ನೀಲಿಯಾದರೆ ಅದು ಸಿಕ್ಕಿಕೊಂಡಿದ್ದು. ಮುಂದಕ್ಕೆ ಬಗ್ಗಿಸಿ ಬೆನ್ನಿಗೆ 5 ಗುದ್ದು, ಹಿಂದಿನಿಂದ ಹೊಟ್ಟೆಗೆ 5 ಒತ್ತು, 108ಕ್ಕೆ ಫೋನ್. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆ ಒತ್ತಬೇಕು. ಪದೇ ಪದೇ ಕಫ, ಜ್ವರ ಇದ್ದರೆ ಇಲ್ಲೇ ಕೇಳುತ್ತಾ ಕೂರಬೇಡಿ, ಕರೆದುಕೊಂಡು ಬನ್ನಿ.

ಸೊರಬದಿಂದ: 3 ವರ್ಷ ಆದರೂ ಮಾತು ಬಂದಿಲ್ಲ, ನಿಮ್ಮ ಹತ್ತಿರ ಬರಬಹುದಾ?

ಸಾಗರದಿಂದ: ಬಂದಿದ್ದನ್ನು ಹಾಗೇ ಕಳಿಸುತ್ತಿದ್ದೇನೆ. "ಬಜೆ ತೇಯ್ದು ಜೇನಲ್ಲಿ ಕಲಸಿ ಕೂಸಿನ ನಾಲಿಗೆಗೆ ಹಚ್ಚಿದರೆ ನುಂಗುವ ಶಕ್ತಿ, ಮಾತು ಎರಡೂ ಬರುತ್ತೆ. ಮೂಗಿಗೆ ಎರಡು ಹನಿ ಎಣ್ಣೆ ಬಿಟ್ಟರೆ ಕಫ ಇಳಿಯುತ್ತೆ. ಎಲ್ಲ ತಾಯಂದಿರಿಗೂ ತಲುಪಿಸಿ."

ಥೆರಪಿಸ್ಟ್: ತಲುಪಿಸಬೇಡಿ. ವರ್ಷದೊಳಗಿನ ಮಕ್ಕಳಿಗೆ ಜೇನು ಕೊಡಲೇಬಾರದು. ಅದರಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು, ಆ ಕಾಯಿಲೆ ಬಂದರೆ ಕೂಸು ಹಾಲು ಚೀಪುವ, ನುಂಗುವ ಶಕ್ತಿಯನ್ನೇ ಕಳೆದುಕೊಳ್ಳುತ್ತೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಸುಲಭಕ್ಕೆ ಹೊರಗೆ ಬರಲ್ಲ, ಎಣ್ಣೆಯಿಂದಲೇ ನ್ಯುಮೋನಿಯಾ ಆಗುತ್ತೆ. ಓದದೆ ಕಳಿಸೋದನ್ನು ನಿಲ್ಲಿಸಿ.

ಸಾಗರದಿಂದ: ನಮ್ಮಜ್ಜಿ ಎಲ್ಲ ಮಕ್ಕಳಿಗೂ ಬಜೆ ಹಾಕಿಯೇ ಬೆಳೆಸಿದ್ದು.

ಥೆರಪಿಸ್ಟ್: ಆ ಕಾಲದಲ್ಲಿ ಎಷ್ಟು ಕೂಸು ಹೋದವು ಅಂತಲೂ ಅಜ್ಜಿಯನ್ನೇ ಕೇಳಿ. ಹೊಸನಗರದವರೇ, ಜ್ವರ ನೋಡಿದಿರಾ?

ತೀರ್ಥಹಳ್ಳಿಯಿಂದ: ನನಗೆ 41. ಬಾಯಿ ಎರಡು ಬೆರಳು ಹೋಗುವಷ್ಟೇ ತೆರೆಯುತ್ತೆ. ಖಾರ ತಾಗಿದರೆ ಉರಿ. ರೊಟ್ಟಿ ನುಂಗೋಕೆ ನೀರು ಬೇಕೇ ಬೇಕು. ದಿನಾ ಕವಳ (ಎಲೆ ಅಡಿಕೆ) ಹಾಕುತ್ತೇನೆ, ಹೊಗೆಸೊಪ್ಪು ಮುಟ್ಟಲ್ಲ.

ಥೆರಪಿಸ್ಟ್: ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು. ಕೆನ್ನೆಯ ಒಳಪದರ ನಾರಿನ ಹಾಗೆ ಬಿಗಿಯುತ್ತೆ. ಇದಕ್ಕೆ ಮುಖ್ಯ ಕಾರಣ ಅಡಿಕೆಯೇ, ಹೊಗೆಸೊಪ್ಪು ಇಲ್ಲದೆಯೂ ಬರುತ್ತೆ. ಕ್ಯಾನ್ಸರ್‌ಗೆ ತಿರುಗಬಹುದು. ಇವತ್ತಿಂದಲೇ ಕವಳ ಬಿಡಿ, ದಂತ ವೈದ್ಯರಿಗೆ ತೋರಿಸಿ. ಬಾಯಿ ತೆರೆಯುವ ವ್ಯಾಯಾಮ ಇದೆ, ಆದರೆ ಅಡಿಕೆ ಅಗಿಯುತ್ತಾ ಅದನ್ನು ಮಾಡಿದರೆ ಪ್ರಯೋಜನ ಇಲ್ಲ.

ಕೊಪ್ಪದಿಂದ: ಮೇಡಂ, ಮಲೆನಾಡಲ್ಲಿ ಇದ್ದುಕೊಂಡು ಅಡಿಕೆ ಮೇಲೆ ಅಪಪ್ರಚಾರ ಮಾಡಬೇಡಿ. ಗುಟ್ಕಾ ಬೇರೆ, ಅಡಿಕೆ ಬೇರೆ.

ಥೆರಪಿಸ್ಟ್: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಯೋದರ ಬಗ್ಗೆ ನಾನು ಒಂದು ಮಾತೂ ಆಡಿಲ್ಲ, ಅಗಿಯೋದರ ಬಗ್ಗೆ ಹೇಳಿದೆ.

ಕೊಪ್ಪದಿಂದ: ಕೊಳೆ ರೋಗ, ಎಲೆಚುಕ್ಕೆ ಎರಡೂ ಸೇರಿ ತೋಟ ಹಾಳಾಗಿದೆ. ರೇಟೂ ಬಿದ್ದರೆ ಇವರ ಸಂಸ್ಥೆ ಬಂದು ಸಾಲ ಕಟ್ಟುತ್ತಾ?

ಸಾಗರದಿಂದ: ನಮ್ಮ ಅಜ್ಜಯ್ಯ 90 ವರ್ಷ ಕವಳ ಹಾಕಿಕೊಂಡೇ ಇದ್ದರು.

ಭದ್ರಾವತಿಯಿಂದ: ನನ್ನ ಅಣ್ಣನ ಕೆನ್ನೆ ಆಪರೇಷನ್ ಆಗಿ, ರೇಡಿಯೇಷನ್ ಆಗಿ ಈಗ ನೀರೂ ಇಳಿಯುತ್ತಿಲ್ಲ. ನಿಮ್ಮ ಅಜ್ಜಯ್ಯನ ಕಥೆ ಅವನ ಎದುರು ಬಂದು ಹೇಳಿ.

ಕೊಪ್ಪದಿಂದ: ನಿಮ್ಮ ಅಣ್ಣ ಏನೇನು ಸೇದುತ್ತಿದ್ದರೋ ಯಾರಿಗೆ ಗೊತ್ತು.

ಭದ್ರಾವತಿಯಿಂದ: ಬಾಯಿ ಮುಚ್ಚಿ.

ಥೆರಪಿಸ್ಟ್: ಕೊಪ್ಪದವರು ಇನ್ನು ಸಾಕು ಮಾಡಿ. ಭದ್ರಾವತಿಯವರೇ, ರೇಡಿಯೇಷನ್ ಆದಮೇಲೆ ಗಂಟಲಿನ ಸ್ನಾಯು ಬಿಗಿಯುತ್ತೆ. ಅದಕ್ಕೆ ನುಂಗುವ ವ್ಯಾಯಾಮವನ್ನು ರೇಡಿಯೇಷನ್ ನಡೆಯುವಾಗಲೇ ಶುರು ಮಾಡಿಸುತ್ತೇವೆ. ತಡ ಆಗಿದ್ದರೂ ಬಿಡಬೇಡಿ. ನೀರೂ ಇಳಿಯಲ್ಲ ಅಂದರೆ ಮೊದಲು ಆಪರೇಷನ್ ಮಾಡಿದ ಡಾಕ್ಟರಿಗೇ ತೋರಿಸಿ, ಆಮೇಲೆ ರಿಪೋರ್ಟ್ ಸಮೇತ ನನ್ನ ಹತ್ತಿರ ಕರೆತನ್ನಿ.

ರಿಪ್ಪನ್‌ಪೇಟೆಯಿಂದ: ಅಮ್ಮನಿಗೆ ಪಾರ್ಕಿನ್ಸನ್, ನೀರು ಕುಡಿದರೆ ಕೆಮ್ಮು. ಗಂಜಿ ಕೊಡಬಹುದಾ?

ಥೆರಪಿಸ್ಟ್: ಮೇಲೆ ಬರೆದಿದ್ದೇನೆ. ಓದಿ.

ರಿಪ್ಪನ್‌ಪೇಟೆಯಿಂದ: ಓದಿದೆ. ರಾಗಿ ಅಂಬಲಿ ಆದರೆ ಎಷ್ಟು ಗಟ್ಟಿ ಇರಬೇಕು?

ಥೆರಪಿಸ್ಟ್: ಎಷ್ಟು ಅನ್ನೋದು ಪರೀಕ್ಷೆ ಆದಮೇಲೆ. ಅಳೆಯೋದು ಹೇಗೆ ಅಂತ ಹೇಳುತ್ತೇನೆ. ಸೂಜಿ ಇಲ್ಲದ 10 ಎಂಎಲ್ ಸಿರಿಂಜ್, 0ಯಿಂದ 10ರ ಗೆರೆವರೆಗೆ 61.5 ಮಿಲಿಮೀಟರ್ ಇರೋದು. ಒಳಗಿನ ಕಡ್ಡಿ ತೆಗೆದು, ತುದಿಗೆ ಬೆರಳಿಟ್ಟು 10ರವರೆಗೆ ತುಂಬಿ, ಬೆರಳು ತೆಗೆದು 10 ಸೆಕೆಂಡ್ ಹರಿಯಲು ಬಿಟ್ಟು ಮತ್ತೆ ಮುಚ್ಚಿ. 1ಕ್ಕಿಂತ ಕಡಿಮೆ ಉಳಿದರೆ ಅದು ನೀರೇ. 4ರಿಂದ 8 ಉಳಿದರೆ ಸ್ವಲ್ಪ ಮಂದ. 8ಕ್ಕಿಂತ ಜಾಸ್ತಿ ಉಳಿದರೆ ಇನ್ನೂ ಮಂದ. ಬಾಯಿಗಿಟ್ಟ ಚಮಚವನ್ನು ಬಟ್ಟಲಿಗೆ ಮತ್ತೆ ಅದ್ದಬೇಡಿ, ಎಂಜಲು ಸೇರಿದರೆ ಅಂಬಲಿ ಕುಳಿತಲ್ಲೇ ನೀರಾಗುತ್ತೆ.

ಶಿರಾಳಕೊಪ್ಪದಿಂದ: ತಂಗಿಯ ಕೂಸಿಗೆ 12 ದಿನ, ಬಾಯಿಯ ಅಂಗಳ ಸೀಳಿದೆ. ಹಾಲು ಮೂಗಿನಿಂದ ಬರುತ್ತೆ.

ಥೆರಪಿಸ್ಟ್: ಮಲಗಿಸಿ ಕುಡಿಸಬೇಡಿ, ತಲೆ ಎತ್ತಿ ನೆಟ್ಟಗೆ ಕೂರಿಸಿಕೊಳ್ಳಿ. ಅಂಗಳ ಸೀಳಿದ್ದರೆ ಬಾಯಲ್ಲಿ ಎಳೆತವೇ ಹುಟ್ಟಲ್ಲ, ಚೀಪಿ ಚೀಪಿ ಕೂಸು ಸುಸ್ತಾಗುತ್ತೆ, ಹೊಟ್ಟೆ ತುಂಬಲ್ಲ. ತಾಯಿಯ ಹಾಲನ್ನೇ ಹಿಂಡಿ ಒಳಲೆಯಲ್ಲಿ ಕೊಡಿ, ಚೂರು ಚೂರಾಗಿ, ಮಧ್ಯೆ ತೇಗು ಬರಿಸಿ. ವಾರ ವಾರ ತೂಕ ನೋಡಿಸಿ. ಅಂಗಳದ ಆಪರೇಷನ್ ಸಾಮಾನ್ಯವಾಗಿ 9ರಿಂದ 18 ತಿಂಗಳ ಒಳಗೆ. ಈ ವಾರವೇ ಒಮ್ಮೆ ಕರೆತನ್ನಿ, ಕುಡಿಸೋದನ್ನು ಕೈ ಹಿಡಿದು ತೋರಿಸಬೇಕು.

ಹೊಸನಗರದಿಂದ: ಮೇಡಂ, ಜ್ವರ 101 ಇದೆ. ಉಸಿರು ಬೇಗ ಬೇಗ ಆಡುತ್ತಿದ್ದಾರೆ. ಬೆಳಿಗ್ಗೆ ಹೋಗಬಹುದಾ?

ಸಾಗರದಿಂದ: ಸ್ಟ್ರೋಕ್ ಅಲ್ವಾ, ಬೆರಳ ತುದಿ ಚುಚ್ಚಿ ಎರಡು ಹನಿ ರಕ್ತ ತೆಗೆಯಿರಿ, ನನ್ನ ಹತ್ತಿರ ಮೆಸೇಜ್ ಇದೆ.

ಥೆರಪಿಸ್ಟ್: ಅಡ್ಮಿನ್, ಇವರನ್ನು ತೆಗೆಯಿರಿ. ಹೊಸನಗರದವರೇ, ಬೆಳಿಗ್ಗೆವರೆಗೆ ಕಾಯಬೇಡಿ. ಈಗಲೇ 108ಕ್ಕೆ ಫೋನ್ ಮಾಡಿ. ಬರುವವರೆಗೆ ದಿಂಬು ಕೊಟ್ಟು ಒರಗಿಸಿ ಕೂರಿಸಿ, ಅಂಗಾತ ಮಲಗಿಸಬೇಡಿ. ಜ್ವರದ ಮಾತ್ರೆಯನ್ನೂ ಬಾಯಿಗೆ ಹಾಕಬೇಡಿ. ಬಾಯಿಂದ ಗಂಜಿ ಕೊಡುತ್ತಿದ್ದೆವು, ಕೆಮ್ಮು ಬರುತ್ತಿರಲಿಲ್ಲ ಅಂತ ಡ್ಯೂಟಿ ಡಾಕ್ಟರಿಗೆ ಮೊದಲೇ ಹೇಳಿ, ಅವರು ಕೇಳುವವರೆಗೆ ಸುಮ್ನೆ ಇರಬೇಡಿ.

ಹೊಸನಗರದಿಂದ: ಫೋನ್ ಮಾಡಿದೆ. ಬರುತ್ತಿದೆ ಅಂದರು.