ಅಪ್ಪ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳನ್ನು ಏನು ಮಾಡಲಿ?

ಪ್ರಶ್ನೆ: ಕೊಪ್ಪದ ಮಗಳು

ಮಾನ್ಯರೇ, ಮುಂದಿನ ತಿಂಗಳು ನಮ್ಮ ಅಪ್ಪನ ವರ್ಷಾಂತಿಕ. ಕೊಪ್ಪ ತಾಲ್ಲೂಕಿನ ನಮ್ಮ ತೋಟದ ಮನೆಯಲ್ಲಿ ಅವರು 1974ರಿಂದ ದಿನವೂ ಬೆಳಿಗ್ಗೆ 8.30ಕ್ಕೆ ಅಂಗಳದ ಮಳೆಮಾಪಕದ ನೀರನ್ನು ಅಳೆದು, ಜಗಲಿಯ ಮೊಳೆಗೆ ದಾರದಿಂದ ಕಟ್ಟಿದ್ದ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ಹವಾಮಾನ ಇಲಾಖೆಯವರು ಅಳೆಯುವುದೂ ಇದೇ ಹೊತ್ತಿಗೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಲೆಕ್ಕವೆಲ್ಲ ಇಂಚು, ಸೆಂಟುಗಳಲ್ಲಿದೆ (ನೂರು ಸೆಂಟು ಸೇರಿದರೆ ಒಂದು ಇಂಚು). ಪಕ್ಕದಲ್ಲಿ ಮಳೆ ನಕ್ಷತ್ರ, ಕೆಲವೊಮ್ಮೆ ಮನೆಯ ಸುದ್ದಿ. ನಾನು ಹುಟ್ಟಿದ ದಿನದ ಸಾಲು ಹೀಗಿದೆ: ‘ಆರಿದ್ರಾ 2ನೇ ಪಾದ. 4 ಇಂಚು 10 ಸೆಂಟು. ಹೆಣ್ಣು ಮಗು. ಹೊಳೆ ದಾಟಲಾಗದೆ ನೋಡಲು ಹೋಗಲಿಲ್ಲ.’

ಅಣ್ಣಂದಿರು ವರ್ಷಾಂತಿಕಕ್ಕೆ ಸ್ಮರಣ ಸಂಚಿಕೆ ಅಚ್ಚು ಹಾಕಿಸಿ, ಬಂಧುಗಳಿಂದ ನಾಲ್ಕು ಮಾತು ಬರೆಸೋಣ ಎನ್ನುತ್ತಿದ್ದಾರೆ. ನನ್ನ ಏಳು ವರ್ಷದ ಮಗನಿಗೆ ಅವನ ಅಜ್ಜಯ್ಯ ಈ ಪುಸ್ತಕಗಳಲ್ಲೇ ಹೆಚ್ಚು ಸಿಗುತ್ತಾರೆ ಎಂದು ನನಗನಿಸುತ್ತದೆ. ಆದರೆ ಹಾಳೆಗಳ ಅಂಚು ಪುಡಿಯಾಗುತ್ತಿದೆ. ಇವುಗಳನ್ನು ಕಾಪಾಡುವುದು ಹೇಗೆ? ನಡುನಡುವೆ ಅವರು ಬರೆದಿರುವ ಸಾಲದ ವಿವರಗಳನ್ನು ಮಕ್ಕಳಿಗೆ ತೋರಿಸಬಹುದೇ?

ಉತ್ತರ: ಹಳೆಯ ಕಾಗದ

ಪೆನ್ಸಿಲಿನ ಬರಹವಾದ್ದರಿಂದ ನೀವು ಅದೃಷ್ಟವಂತರು. ಅನೇಕ ಶಾಯಿಗಳಂತೆ ಅದು ಬಿಸಿಲಿಗೆ ಮಾಸುವುದಿಲ್ಲ, ತೇವಕ್ಕೆ ಹರಡುವುದಿಲ್ಲ, ಆದರೆ ಉಜ್ಜಿದರೆ ಅಳಿಯುತ್ತದೆ. ದಯವಿಟ್ಟು ಯಾರ ಮಾತನ್ನೂ ಕೇಳಿ ಲ್ಯಾಮಿನೇಷನ್ ಮಾಡಿಸಬೇಡಿ. ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಕೆಡದಂತೆ ಬಿಡಿಸುವುದು ಸಾಧ್ಯವಾಗದು. ಮೊದಲು ಕಿಟಕಿಯ ಬೆಳಕಿನಲ್ಲಿ, ನೇರ ಬಿಸಿಲು ಬೀಳದಂತೆ, ಪ್ರತಿ ಪುಟದ ಚಿತ್ರ ತೆಗೆದು ಎರಡು ಕಡೆ ಇಟ್ಟುಕೊಳ್ಳಿ. ಆಮೇಲೆ ಒಗೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ತಾಳೆಗರಿಯ ಕಟ್ಟುಗಳಿಗೆ ಹಿರಿಯರು ಇಡುತ್ತಿದ್ದಂತೆ ಬಜೆ ಬೇರಿನ ಸಣ್ಣ ಗಂಟನ್ನು ಪೆಟ್ಟಿಗೆಯ ಮೂಲೆಯಲ್ಲಿಡಿ. ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ತೆಗೆದು ನೆರಳಿನಲ್ಲಿ ಗಾಳಿಯಾಡಿಸಿದರೆ ಸಾಕು.

ಇಂಚನ್ನು ಮಿಲಿಮೀಟರಿಗೆ ತಿದ್ದಿ ಬರೆಯಲು ಹೋಗಬೇಡಿ. ನೀವು ಹುಟ್ಟಿದ ದಿನದ ಮಳೆ ಸುಮಾರು 104 ಮಿಲಿಮೀಟರ್. ಬೇಕಿದ್ದರೆ ಅದನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಅವರ ಪುಟದಲ್ಲಿ ಅವರ ಕೈಬರಹವೊಂದೇ ಇರಲಿ.

ಉತ್ತರ: ಶರಾವತಿ ತೀರ

ತಂಗೀ, ನಮ್ಮ ತಂದೆಯವರು ತೀರಿಕೊಂಡಾಗ ನಾವು ಅಂಥದೇ ಸಂಚಿಕೆ ತಂದೆವು. ‘ಸರಳ ಜೀವಿ, ಪರೋಪಕಾರಿ’ ಎಂದು ಹದಿನೆಂಟು ಜನ ಪ್ರೀತಿಯಿಂದಲೇ ಬರೆದರು, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅಡಿಕೆ ಸುಲಿಯುವಾಗ ಅವರು ಮೆಟ್ಟುಗತ್ತಿಯ ಮೇಲೆ ಕೂರುತ್ತಿದ್ದ ಭಂಗಿಯಾಗಲಿ, ಮೊಮ್ಮಕ್ಕಳಿಗೆಂದು ಹಣ್ಣಡಿಕೆಯ ಸಿಪ್ಪೆಯಲ್ಲಿ ಮಾಡಿಕೊಡುತ್ತಿದ್ದ ದೋಣಿಯಾಗಲಿ ಅದರಲ್ಲಿ ಬರಲಿಲ್ಲ. ಇಂದು ನನ್ನ ಮಕ್ಕಳು ಕೇಳುವುದು ಆ ದೋಣಿಯ ವಿಷಯವನ್ನೇ.

ಸಾಲದ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಕೊಟ್ಟವರ ಹೆಸರನ್ನು ಅಚ್ಚು ಹಾಕಿಸಬೇಡಿ, ಮನೆಯ ಮಕ್ಕಳಿಂದ ಮರೆಮಾಡಲೂಬೇಡಿ. ಕೊಳೆರೋಗಕ್ಕೆ ಫಸಲು ಹೋದ ವರ್ಷ ಒಂದು ಸಂಸಾರ ಹೇಗೆ ನಡೆಯಿತು ಎಂಬುದು ಅವರಿಗೂ ತಿಳಿದಿರಬೇಕು.

ಮರುನುಡಿ: ಕೊಪ್ಪದ ಮಗಳು

ಇಬ್ಬರಿಗೂ ನಮಸ್ಕಾರ. ನಿಮ್ಮ ಮಾತುಗಳನ್ನು ನಿನ್ನೆ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಪ್ಪ ಹೋದ ಮೇಲೂ ದಿನವೂ 8.30ಕ್ಕೆ ಮಾಪಕದ ನೀರನ್ನು ತಾನೇ ಚೆಲ್ಲುತ್ತಿದ್ದುದಾಗಿ ಹೇಳಿದರು. ‘ಚೆಲ್ಲದಿದ್ದರೆ ಮರುದಿನದ ಲೆಕ್ಕ ತಪ್ಪುತ್ತದಲ್ಲ’ ಎಂದರು. ಬರೆದಿರಲಿಲ್ಲ, ಏಕೆಂದರೆ ಅದು ಅಪ್ಪನ ಕೆಲಸವಾಗಿತ್ತು.

ಸಂಚಿಕೆಯಲ್ಲಿ ಹೊಗಳಿಕೆಯ ಬದಲು ಅಪ್ಪನ ಹನ್ನೆರಡು ಪುಟಗಳ ಚಿತ್ರಗಳನ್ನು ಹಾಕಲು ಅಣ್ಣಂದಿರು ಒಪ್ಪಿದ್ದಾರೆ. ಇಂದು ಬೆಳಿಗ್ಗೆ ಅಮ್ಮ ಚೆಲ್ಲುವ ಮುನ್ನ ಅಳೆದು ಫೋನ್ ಮಾಡಿದರು. ಮಗ ಹೊಸ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡ: 62 ಸೆಂಟು.