ನಾಲ್ಕು ವರ್ಷ ಓಡಿಸಿದ ಸ್ಪೋರ್ಟ್ಸ್ ಕಾರಿಗೆ ಎಷ್ಟು ಸಿಗುತ್ತೆ? ಕೇಳಿದ್ದು, ಹೇಳಿದ್ದು

ಈ ವಾರ ಗ್ರೂಪಿನಲ್ಲಿ ಪ್ರಶ್ನೆಗಳಿಗೆ ಉತ್ತರ ಹೇಳುವ ಸರದಿ ನನ್ನದಂತೆ. ಗೊತ್ತಿಲ್ಲದವರಿಗೆ: ನನ್ನದು ಕೊಡಗಿನ ಗೋಣಿಕೊಪ್ಪದಲ್ಲಿ ಗ್ಯಾರೇಜ್. ಹಳೆ ಗಾಡಿ ನೋಡಿ ಬೆಲೆ ಕಟ್ಟಿಕೊಡುವುದು ಜೊತೆಗಿನ ಕೆಲಸ. ಮೊದಲೆಲ್ಲ ಜೀಪು, ಪಿಕಪ್ ಬರ್ತಿದ್ದವು. ರೋಬಸ್ಟಾ ಕಾಫಿ ಬೆಲೆ ಏರಿದ ಮೇಲೆ ನೆಲಕ್ಕೆ ಅಂಟಿಕೊಂಡ ಹಾಗಿರುವ ಕಾರುಗಳೂ ಬರ್ತಿವೆ. ಹಾಗಾಗಿ ಕೇಳಿ.

ಪ್ರಶ್ನೆ, ಅಮ್ಮತ್ತಿಯಿಂದ: ಅಣ್ಣಾ, 2021ರಲ್ಲಿ ಬಿಎಂಡಬ್ಲ್ಯು ಎಂ340ಐ ತಗೊಂಡೆ. ಎಕ್ಸ್-ಶೋರೂಂ 62.90 ಲಕ್ಷ. ಓಡಿದ್ದು 22,000 ಕಿ.ಮೀ. ಅಷ್ಟೇ. ಇನ್ಶೂರೆನ್ಸ್ ರಿನ್ಯೂವಲ್ ಕಾಗದದಲ್ಲಿ ಐಡಿವಿ 31 ಲಕ್ಷ ಚಿಲ್ಲರೆ ಅಂತ ಬಂದಿದೆ. ಬೆಂಗಳೂರಿನ ಒಬ್ಬ ಡೀಲರ್‌ಗೆ ಫೋಟೋ ಕಳಿಸಿದೆ. ಆತ ಅದೇ ಐಡಿವಿ ತೋರಿಸಿ, 36 ಕೊಡ್ತೀನಿ, ಅದೂ ನಿಮ್ಮ ಮುಖ ನೋಡಿ ಅಂತಾನೆ. ಕೈ ಸುಟ್ಟುಕೊಂಡೆನಾ?

ಉತ್ತರ: 36ಕ್ಕೆ ಕೊಡಬೇಡಿ. ಮೊದಲು ಅದು ತಲೆಯಲ್ಲಿರಲಿ.

ಐಡಿವಿ ಅನ್ನೋದು ಗಾಡಿ ಕಳುವಾದರೆ ಅಥವಾ ಪೂರ್ತಿ ಹೋದರೆ ಇನ್ಶೂರೆನ್ಸ್‌ನವರು ಕೊಡುವ ದುಡ್ಡಿನ ಲೆಕ್ಕ. ಅದಕ್ಕೆ ಒಂದು ಸಿದ್ಧ ಪಟ್ಟಿ ಇದೆ. ಆರು ತಿಂಗಳೊಳಗೆ 5% ಸವಕಳಿ, ವರ್ಷದೊಳಗೆ 15, ಎರಡು ವರ್ಷದವರೆಗೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಐದು ದಾಟಿದ ಮೇಲೆ ನೀವೂ ಕಂಪನಿಯವರೂ ಮಾತಾಡಿಕೊಂಡು ಒಂದು ಬೆಲೆಗೆ ಒಪ್ಪಬೇಕು. ಆಲ್ಟೋಗೂ ಇದೇ ಪಟ್ಟಿ, ತೋಟದ ಬೊಲೆರೋಗೂ ಇದೇ, ನಿಮ್ಮ ಆರು ಸಿಲಿಂಡರ್ ಗಾಡಿಗೂ ಇದೇ. ನಿಮ್ಮದು ನಾಲ್ಕು ದಾಟಿದೆ, 62.90ರ ಅರ್ಧ 31.45 ಲಕ್ಷ. ಪಟ್ಟಿ ಅಷ್ಟೇ ಹೇಳೋದು. ಗಾಡಿ ಹೇಗಿದೆ, ಯಾರಿಗೆ ಬೇಕು, ಮಾರುಕಟ್ಟೆಯಲ್ಲಿ ಅಂಥದ್ದು ಎಷ್ಟಿವೆ ಅಂತ ಅದಕ್ಕೇನು ಗೊತ್ತು? ಡೀಲರ್‌ಗೆ ಇದು ಚೆನ್ನಾಗಿ ಗೊತ್ತು. ನಿಮಗೆ ಗೊತ್ತಿಲ್ಲ ಅಂದುಕೊಂಡು ಆ ಕಾಗದ ಮುಂದಿಟ್ಟಿದ್ದಾನೆ.

ನಿಮ್ಮ ದೊಡ್ಡ ನಷ್ಟ ಆಗಿದ್ದು ಬೇರೆ ಕಡೆ. 20 ಲಕ್ಷಕ್ಕಿಂತ ಮೇಲಿನ ಗಾಡಿಗೆ ನಮ್ಮ ರಾಜ್ಯದಲ್ಲಿ ಲೈಫ್ ಟ್ಯಾಕ್ಸ್ 18%, ಅದರ ಮೇಲೆ ಸೆಸ್. ನಿಮ್ಮ ಲೆಕ್ಕದಲ್ಲಿ 11 ಲಕ್ಷಕ್ಕೂ ಜಾಸ್ತಿ, ಕಾರು ಶೋರೂಂ ಗೇಟ್ ದಾಟುವ ಮೊದಲೇ ಹೋಯ್ತು. ಸೆಕೆಂಡ್ ಹ್ಯಾಂಡ್ ತಗೊಳ್ಳುವವನು ಅದಕ್ಕೆ ಒಂದು ಪೈಸೆ ಕೊಡಲ್ಲ. ಆಮೇಲೆ 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲೆ ಸೆಸ್ ಸೇರಿ 45–50% ಇದ್ದ ಜಿಎಸ್‌ಟಿ 40%ಗೆ ಇಳಿಯಿತು. ಹೊಸದು ಅಗ್ಗ ಆದ ದಿನ ಹಳೆಯದೂ ಅಗ್ಗ ಆಗುತ್ತೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಆದರೆ ಏಟು ನಿಮಗೇ.

ಇನ್ನೊಂದು ವಿಷಯ. ಡೀಲರ್ ತನ್ನ ಲಾಭದ ಮೇಲೆ 18% ಜಿಎಸ್‌ಟಿ ಕಟ್ಟಬೇಕು, 2025ರ ಮೊದಲು ಕೆಲವು ಗಾಡಿಗೆ 12 ಇತ್ತು. ಆ ದುಡ್ಡನ್ನು ಅವನು ನಿಮ್ಮ ಬೆಲೆಯಿಂದಲೇ ಹಿಡಿಯುತ್ತಾನೆ. ನೀವೇ ನೇರವಾಗಿ ಒಬ್ಬ ಕಾರು ಹುಚ್ಚನಿಗೆ ಮಾರಿದರೆ ಈ ಜಿಎಸ್‌ಟಿ ಬರಲ್ಲ. ಎರಡು ಮೂರು ತಿಂಗಳು ಜಾಸ್ತಿ ಕಾಯಬೇಕಾಗಬಹುದು. ಕುಯ್ಲಿನ ಕೂಲಿಗೆ ಅರ್ಜೆಂಟ್ ದುಡ್ಡು ಬೇಕಿಲ್ಲ ಅಂದ್ರೆ ಕಾಯಿರಿ.

ಅಮ್ಮತ್ತಿ: ಹಾಗಾದ್ರೆ ನೀವು ಎಷ್ಟು ಅಂತೀರಿ?

ಉತ್ತರ: ನೋಡದೆ ಹೇಳಲ್ಲ. ಸರ್ವಿಸ್ ಬಿಲ್ ಎಲ್ಲ ಇದೆಯಾ? ಟೈರ್ ಯಾವ ವರ್ಷದ್ದು? ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 1221 ಅಂದ್ರೆ 2021ರ 12ನೇ ವಾರ. ಎರಡನೇ ಕೀ ಎಲ್ಲಿದೆ?

ಅಮ್ಮತ್ತಿ: ಬಿಲ್ ಇದೆ. ಟೈರ್ ಗಾಡಿ ಜೊತೆಗೆ ಬಂದದ್ದೇ. ಎರಡನೇ ಕೀ… ಹುಡುಕಬೇಕು.

ಉತ್ತರ: ಹುಡುಕಿ. ಮನೆಯಲ್ಲಿ ಎಲ್ಲೋ ಇರುತ್ತೆ. ತಗೊಳ್ಳುವವನು ಮೊದಲು ಕೇಳುವುದೇ ಅದು. ಒಂದೇ ಕೀ ಅಂದ ತಕ್ಷಣ ಅವನ ಮುಖ ಬದಲಾಗುತ್ತೆ.

ಪ್ರಶ್ನೆ, ಸಿದ್ದಾಪುರದಿಂದ: ಸರ್, ನಮ್ಮದು ಮಳೆಗಾಲದಲ್ಲಿ ಹೊರಗೆ ತೆಗೆಯೋದೇ ಇಲ್ಲ. ಜೂನ್‌ನಲ್ಲಿ ಶೆಡ್ಡಿಗೆ ಹಾಕಿ ಟಾರ್ಪಾಲ್ ಮುಚ್ಚಿದರೆ ಆಯುಧ ಪೂಜೆಗೇ ಆಚೆ. ಕಿಲೋಮೀಟರ್ ಕಮ್ಮಿ ಇದ್ದರೆ ರೀಸೇಲ್ ಜಾಸ್ತಿ ಅಲ್ವಾ?

ಉತ್ತರ: ಕೊಡಗಿನವರು ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಹೋದ ವರ್ಷ ನಿಮ್ಮ ಕಡೆಯೇ ಒಂದು ಮನೆಗೆ ಗಾಡಿ ನೋಡಲು ಹೋಗಿದ್ದೆ. ಯಾವ ಕಂಪನಿ ಅಂತ ಬೇಡ. 9,000 ಕಿ.ಮೀ., ಸಿಂಗಲ್ ಓನರ್, ಪೇಂಟ್ ಕನ್ನಡಿ ಹಾಗೆ. ತಗೊಳ್ಳುವವರು ಮೈಸೂರಿನವರು, ಆಗಲೇ ಅಡ್ವಾನ್ಸ್ ಕೊಡಲು ರೆಡಿ. ಬಾಗಿಲು ತೆಗೆದೆ, ಒದ್ದೆ ಗೋಣಿಚೀಲದ ವಾಸನೆ. ಪಕ್ಕದ ಸೀಟಿನ ಕೆಳಗೆ ಕಾರ್ಪೆಟ್ ಎತ್ತಿ ಬೆರಳು ಒತ್ತಿದೆ. ಸ್ಪಂಜಿನ ಹಾಗೆ ನೀರು ಮೇಲೆ ಬಂತು. ಅದರ ಪಕ್ಕದಲ್ಲೇ ವೈರಿಂಗ್ ಕನೆಕ್ಟರ್, ಪಿನ್ನುಗಳೆಲ್ಲ ಹಸಿರು ಪಾಚಿ ಬಣ್ಣ. ಕಾರಣ ಏನು ಗೊತ್ತಾ? ಶೆಡ್ಡಿನ ಪಕ್ಕ ಸಿಲ್ವರ್ ಓಕ್ ಮರ. ಮುಂದಿನ ಗಾಜಿನ ಕೆಳಗೆ ವೈಪರ್ ಇರುವ ಜಾಗದಲ್ಲಿ ನೀರು ಹರಿದು ಹೋಗಲು ತೂತು ಇರುತ್ತೆ, ಅದರೊಳಗೆ ಎಲೆ ತುಂಬಿ ಗೊಬ್ಬರ ಆಗಿಬಿಟ್ಟಿತ್ತು. ನೀರಿಗೆ ಹೋಗಲು ದಾರಿ ಇಲ್ಲ, ಕ್ಯಾಬಿನ್ ಒಳಗೆ ಇಳಿದಿದೆ. ಮಾಲೀಕರು ಪಾಪ ಬಿಸಿಲಿಗೂ ತೆಗೆಯದೆ ಕಾಪಾಡಿದ್ದರು! ವ್ಯಾಪಾರ ಮುರಿದುಬಿತ್ತು.

ನಿಂತ ಗಾಡಿಗೆ ಬರುವ ಕಾಯಿಲೆಗಳೇ ಬೇರೆ. ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತೆ, ಲೆದರ್ ಸೀಟಿಗೆ ಬೂಷ್ಟು, ಬ್ಯಾಟರಿ ಸತ್ತಿರುತ್ತೆ, ಟೈರು ನಿಂತ ಜಾಗದಲ್ಲೇ ಚಪ್ಪಟೆ. ಇಲಿ ಅಂತೂ ಬಿಡಿ, ಎಂಜಿನ್ ಕವರ್ ಅಡಿಯಲ್ಲಿ ಒಂದು ಹಿಡಿ ಕಾಫಿ ಬೀಜ ಕೂಡಿಟ್ಟು, ತಿಂದು ಬೇಜಾರಾದಾಗ ವೈರ್ ಕಡಿಯುತ್ತೆ. ಪ್ಲಾಸ್ಟಿಕ್ ಟಾರ್ಪಾಲ್ ಹಾಕಿದರೆ ತೇವ ಒಳಗೇ ಉಳಿಯುತ್ತೆ. ಬೇಕಾದರೆ ಗಾಳಿಯಾಡುವ ಬಟ್ಟೆ ಕವರ್ ಹಾಕಿ. ಕರೆಂಟ್ ಇರುವ ಕಡೆ ನಿಲ್ಲಿಸಿ, ಬ್ಯಾಟರಿಗೆ ನಿಧಾನಕ್ಕೆ ಚಾರ್ಜ್ ಕೊಡುವ ಟ್ರಿಕಲ್ ಚಾರ್ಜರ್ ಇಡಿ. ಟೈರಿಗೆ ನಾಲ್ಕೈದು ಪೌಂಡ್ ಗಾಳಿ ಜಾಸ್ತಿ. ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲೋ ಪಾರ್ಕಿನಲ್ಲೋ ಬಿಟ್ಟು ಚಕ್ರಕ್ಕೆ ಕಲ್ಲೋ ಮರದ ತುಂಡೋ ಅಡ್ಡ ಕೊಡಿ. ಹದಿನೈದು ದಿನಕ್ಕೊಮ್ಮೆ ಮಳೆ ಬಿಟ್ಟಾಗ ಇಪ್ಪತ್ತು ಕಿ.ಮೀ. ಓಡಿಸಿ. ಸುಮ್ನೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡುವುದು ಬೇಡ. ಎಂಜಿನ್ ಪೂರ್ತಿ ಬಿಸಿ ಆಗಲ್ಲ, ಆಯಿಲ್‌ಗೆ ಸೇರಿದ ನೀರು ಅಲ್ಲೇ ಉಳಿಯುತ್ತೆ.

ವರ್ಷಕ್ಕೆ 5,000 ಕಿ.ಮೀ. ಓಡಿ ಬಿಲ್ ಇರುವ ಗಾಡಿಯನ್ನು ವರ್ಷಕ್ಕೆ 1,000 ಓಡಿ ನಿಂತ ಗಾಡಿಗಿಂತ ನಾನು ಮೇಲೆ ಇಡ್ತೀನಿ. ನೋಡಿದವರೂ ಹಾಗೇ ಇಡ್ತಾರೆ.

ಪ್ರಶ್ನೆ, ಕುಶಾಲನಗರದಿಂದ: ಅಣ್ಣಾ, ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 2025ರಲ್ಲಿ 100 ಮಾತ್ರ ಬಂತು, 49.99 ಲಕ್ಷ. ನನಗೆ ಸಿಗಲಿಲ್ಲ. ಬುಕ್ ಮಾಡಿದವರೊಬ್ಬರು ಮೇಲೆ ದುಡ್ಡು ಕೇಳ್ತಿದ್ದಾರೆ. ಕಮ್ಮಿ ಇರೋ ಗಾಡಿ, ಬೆಲೆ ಏರುತ್ತೆ, ಇನ್ವೆಸ್ಟ್‌ಮೆಂಟ್ ಅಂತಾರೆ. ಕೊಡ್ಲಾ?

ಉತ್ತರ: ಓಡಿಸುವ ಆಸೆ ಇದ್ದರೆ ಯೋಚಿಸಿ. ಇನ್ವೆಸ್ಟ್‌ಮೆಂಟ್ ಅಂತಾದರೆ ಬೇಡ.

ಒಂದು ಹಳೆ ಕಥೆ. ಫೋಕ್ಸ್‌ವ್ಯಾಗನ್ 2016ರಲ್ಲಿ ಪೋಲೋ ಜಿಟಿಐ ತಂದಿತು, ಮೂರು ಬಾಗಿಲು, 1.8 ಲೀಟರ್ ಟರ್ಬೊ, ಇಡೀ ದೇಶಕ್ಕೆ 99. ಬೆಲೆ 25.65 ಲಕ್ಷ. ಮುಂದಿನ ವರ್ಷ ಅದನ್ನೇ 19.99ಕ್ಕೆ ಇಳಿಸಿದರು. 99ರಲ್ಲಿ ಒಂದು ಅಂತ ಮೊದಲು ಓಡಿಹೋಗಿ ತಗೊಂಡವರ ಐದೂವರೆ ಲಕ್ಷ ಕೂತಲ್ಲೇ ಕರಗಿತು. ಈಗ ಆ ಗಾಡಿಗೆ ಹುಡುಕಾಟ ಇದೆ ನಿಜ. ಆದರೆ ಆ ಹುಡುಕಾಟದ ಲಾಭ ಸಿಕ್ಕಿದ್ದು ಇಳಿದ ಬೆಲೆಗೆ ತಗೊಂಡು ವರ್ಷಗಟ್ಟಲೆ ಇಟ್ಟುಕೊಂಡವರಿಗೆ.

ಕಮ್ಮಿ ಸಂಖ್ಯೆ ಬೆಲೆ ಬೀಳುವುದನ್ನು ನಿಧಾನ ಮಾಡುತ್ತೆ, ಅಷ್ಟು ಒಪ್ತೀನಿ. ಆದರೆ ಬೀಳದೆ ಇರುವುದು ಬೇರೆ, ಲಾಭ ಬರುವುದು ಬೇರೆ. 50 ಲಕ್ಷ ಬ್ಯಾಂಕಿನಲ್ಲಿ 7%ಗೆ ಇಟ್ಟರೆ ವರ್ಷಕ್ಕೆ 3.5 ಲಕ್ಷ. ಇದರ ಮೇಲೆ ಲೈಫ್ ಟ್ಯಾಕ್ಸ್, ಇನ್ಶೂರೆನ್ಸ್, ಟೈರ್. ಐದು ವರ್ಷ ಕಳೆದು ಕೊಟ್ಟ ಬೆಲೆಗೇ ಮಾರಿದರೂ ನಿಮ್ಮ ಕೈಯಿಂದ ಹೋಗಿರುತ್ತೆ. ಕಾಳುಮೆಣಸು ಗೋಡೌನಿನಲ್ಲಿಟ್ಟು ಬೆಲೆ ಬರಲಿ ಅಂತ ಕಾಯಬಹುದು, ಅದಕ್ಕೆ ಇನ್ಶೂರೆನ್ಸ್ ರಿನ್ಯೂವಲ್ ಇಲ್ಲ.

ನಿಜವಾಗಿ ಲೆಕ್ಕ ಸರಿಹೋಗುವುದು ಮೂರರಿಂದ ಐದು ವರ್ಷದ ಗಾಡಿ ತಗೊಂಡರೆ. ಜೋರಾಗಿ ಬೀಳುವ ಕಾಲ ಮುಗಿದಿರುತ್ತೆ, ಟ್ಯಾಕ್ಸ್ ಬೇರೆಯವರು ಕಟ್ಟಿರುತ್ತಾರೆ. ನೀವು ಮೂರು ವರ್ಷ ಓಡಿಸಿ ಮಾರಿದರೆ ಹೋಗುವುದು ಸ್ವಲ್ಪ.

ಕುಶಾಲನಗರ: ಸರಿ ಅಣ್ಣ. ಸೆಕೆಂಡ್ಸ್ ತಗೊಂಡು ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸೋದು) ಮಾಡಿಸಿ, ಬೇರೆ ಎಕ್ಸಾಸ್ಟ್ (ಹೊಗೆ ಕೊಳವೆ) ಹಾಕಿಸಿದರೆ ಆ ದುಡ್ಡು ಮಾರುವಾಗ ವಾಪಸ್ ಬರುತ್ತಾ?

ಉತ್ತರ: ಬರಲ್ಲ. ಎರಡು ಲಕ್ಷದ ಎಕ್ಸಾಸ್ಟ್‌ಗೆ ಯಾರೂ ಎರಡು ಲಕ್ಷ ಕೊಡಲ್ಲ. ಹುಷಾರಿನವನು ಇದನ್ನು ಹೇಗೆಲ್ಲಾ ಓಡಿಸಿದ್ದಾನೋ ಅಂತ ಇನ್ನೂ ಕಮ್ಮಿ ಕೇಳ್ತಾನೆ. ಮಾಡಿಸಲೇಬೇಕು ಅಂದ್ರೆ ಬಿಚ್ಚಿದ ಒರಿಜಿನಲ್ ಸಾಮಾನು, ಒಂದು ಬೋಲ್ಟ್ ಬಿಡದೆ, ಅಟ್ಟದಲ್ಲಿಡಿ. ಮಾರುವಾಗ ವಾಪಸ್ ಹಾಕಿ, ಎಕ್ಸಾಸ್ಟ್ ಬೇರೆ ಮಾರಿ. ರೀಮ್ಯಾಪ್ ವಿಷಯಕ್ಕೆ ಬಂದರೆ ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಗಾಡಿಗಳಲ್ಲಿ ಸರ್ವಿಸ್‌ನವರು ಕಂಪ್ಯೂಟರ್ ಹಾಕಿದಾಗ ಸಿಕ್ಕಿಬಿದ್ದರೆ ಟಿಡಿ1 ಅಂತ ಒಂದು ಗುರುತು ಕಂಪನಿಯ ದಾಖಲೆಗೆ ಸೇರುತ್ತೆ. ಆಮೇಲೆ ನೀವು ಕಂಪನಿ ಕೊಟ್ಟ ಹಾಗೇ ವಾಪಸ್ ಮಾಡಿಸಿದರೂ ಗುರುತು ಉಳಿಯುತ್ತೆ. ಎಂಜಿನ್, ಗೇರ್‌ಬಾಕ್ಸ್ ವಾರಂಟಿ ಕೇಳಲು ಹೋದಾಗ ಅದೇ ಎದುರಿಗೆ ನಿಲ್ಲುತ್ತೆ.

ಪ್ರಶ್ನೆ, ವಿರಾಜಪೇಟೆಯಿಂದ: ಕಣ್ಣೂರಿನಲ್ಲಿ ಒಂದು ಮಿನಿ ಕೂಪರ್ ಎಸ್ ಸಿಕ್ಕಿದೆ, ಕೇರಳದ ಕೆಎಲ್-13 ನಂಬರ್. ಇಲ್ಲಿಗಿಂತ ಮೂರು ಲಕ್ಷ ಕಮ್ಮಿ. ನನಗೇ ಓಡಿಸಲು. ಮಾಕುಟ್ಟ ಘಾಟಿ ಇಳಿದು ತರೋದು ಒಂದು ದಿನದ ಕೆಲಸ, ತರಲಾ? ನಮ್ಮವರು ಬೇಡ ಅಂತಿದ್ದಾರೆ.

ಉತ್ತರ: ಅಕ್ಕಾ, ತರುವುದು ಒಂದು ದಿನ, ಕಾಗದಕ್ಕೆ ಒಂದೂವರೆ ತಿಂಗಳು ಇಟ್ಕೊಳ್ಳಿ. ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ಆಗಬೇಕು. ಸಾಲ ಇದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ. ವರ್ಗಾವಣೆಗೆ 29, 30. ಬಾಕಿ ಚಲನ್ ಇದೆಯಾ ಅಂತ ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನೀವೇ ನೋಡಿ, ಮಾರುವವರ ಮಾತು ನಂಬಬೇಡಿ. 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ನಮ್ಮ ಕೊಡಗಿನ ಕೆಎ-12 ನಂಬರ್ ಮಾಡಿಸಲೇಬೇಕು.

ಆಮೇಲೆ ಇಲ್ಲಿನ ಲೈಫ್ ಟ್ಯಾಕ್ಸ್. ಅದು ನೀವು ಕೊಟ್ಟ ಬೆಲೆಯ ಮೇಲಲ್ಲ, ಗಾಡಿ ಹೊಸದಾಗಿದ್ದಾಗಿನ ಬೆಲೆಯ ಮೇಲೆ ಹಾಕಿ, ವಯಸ್ಸಿಗೆ ತಕ್ಕಷ್ಟು ಕಳೆಯುತ್ತಾರೆ. ಮೂರು ವರ್ಷದ ಗಾಡಿ ಆದರೆ ನಿಮ್ಮ ಮೂರು ಲಕ್ಷದ ಉಳಿತಾಯ ಅಲ್ಲೇ ಮುಗಿದು ಮೇಲೆ ಕೈಯಿಂದ ಹೋಗುತ್ತೆ. ಹನ್ನೆರಡು ವರ್ಷದ್ದಾದರೆ ಲೆಕ್ಕ ಬೇರೆ. ಎಷ್ಟನೇ ಇಸವಿಯದ್ದು ಅಂತ ಹಾಕಿ, ಕೂತು ಲೆಕ್ಕ ಹಾಕೋಣ. ದೆಹಲಿ ಕಡೆಯ ಅಗ್ಗದ ಗಾಡಿಗಳಿಗೂ ಇದೇ ಮಾತು. ಅಲ್ಲಿ ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಅಂತ ಮಿತಿ ತಂದ ಮೇಲೆ ಅಗ್ಗ ಆಗಿದ್ದು. ಆ ಅಗ್ಗ ಇಲ್ಲಿಗೆ ಬರುವಷ್ಟರಲ್ಲಿ ಕರಗುತ್ತೆ.

ಪ್ರಶ್ನೆ, ಸೋಮವಾರಪೇಟೆಯಿಂದ: ಫೋರ್ಡ್ ಹೋಯ್ತಲ್ಲ, ಮಸ್ಟಾಂಗ್ ಸೆಕೆಂಡ್ಸ್ ತಗೋಬಹುದಾ?

ಉತ್ತರ: 2016ರಲ್ಲಿ 65 ಲಕ್ಷಕ್ಕೆ ಬಂದ 5 ಲೀಟರ್ ವಿ8. ಫೋರ್ಡ್ ಇಲ್ಲಿ ಗಾಡಿ ಮಾಡುವುದು ನಿಲ್ಲಿಸ್ತೀವಿ ಅಂದಿದ್ದು 2021ರಲ್ಲಿ. ಬಲಗಡೆ ಸ್ಟೀರಿಂಗ್‌ನ ಮಸ್ಟಾಂಗ್ ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲೂ ಮಾರಿದ್ದಾರೆ, ಹಾಗಾಗಿ ಸಾಮಾನು ತರಿಸಬಹುದು. ಹೆಡ್‌ಲೈಟ್ ಒಡೆದರೆ ವಾರ ಅಲ್ಲ, ತಿಂಗಳು ಕಾಯಬೇಕು, ಡ್ಯೂಟಿ ಕಟ್ಟಬೇಕು. ನಮ್ಮ ತೋಟದ ಗೇಟಿನ ಉಬ್ಬು ಹತ್ತುತ್ತಾ ಅಂತ ಮೊದಲು ಅಳೆದುಕೊಳ್ಳಿ. ಮಾರುವಾಗ ಗಿರಾಕಿ ಕಮ್ಮಿ, ಆದರೆ ಬಂದವನು ಅದನ್ನೇ ಹುಡುಕಿಕೊಂಡು ಬಂದಿರುತ್ತಾನೆ.

ಸೋಮವಾರಪೇಟೆ: ಇನ್ನೊಂದು. ಕಾರನ್ನು ತೋಟದ ಲೆಕ್ಕಕ್ಕೆ ತೋರಿಸಿ ಸವಕಳಿ ಹಾಕಬಹುದಂತಲ್ಲ?

ಉತ್ತರ: ವ್ಯವಹಾರಕ್ಕೆ ಬಳಸುವ ಕಾರಿಗೆ ವರ್ಷಕ್ಕೆ 15% ಇದೆ. ಆದರೆ ಹಸಿ ಕಾಫಿ ಹಾಗೇ ಮಾರುವವರ ಆದಾಯ ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ, ಯಾವುದರಲ್ಲಿ ಕಳೀತೀರಿ? ನೀವೇ ಕ್ಯೂರಿಂಗ್ (ಸಿಪ್ಪೆ ತೆಗೆದು ಹದ ಮಾಡುವುದು) ಮಾಡಿ ಮಾರಿದರೆ ಆದಾಯದ 25%ಗೆ ತೆರಿಗೆ ಬರುತ್ತೆ. ವಿ8 ಗಾಡಿಯಲ್ಲಿ ಗೊಬ್ಬರ ತಂದೆ ಅಂತ ಹೇಳುವ ಧೈರ್ಯ ಇದ್ದರೆ ಆಡಿಟರ್‌ರನ್ನು ಕೇಳಿ.

ಅಮ್ಮತ್ತಿ: ಅಣ್ಣಾ, ಕೀ ಸಿಕ್ತು! ಅಮ್ಮ ಜಾಗ್ರತೆಯಾಗಿರಲಿ ಅಂತ ಕೋವಿ ಬೀರುವಿನಲ್ಲಿ ತೋಟಾ ಡಬ್ಬದೊಳಗೆ ಹಾಕಿಟ್ಟಿದ್ದರು. ನಾಲ್ಕು ವರ್ಷದಿಂದ ಅಲ್ಲೇ.

ಉತ್ತರ: ಅದರ ಬ್ಯಾಟರಿ ಸತ್ತಿರುತ್ತೆ, ಬಟನ್ ಸೆಲ್ ಒಂದು ಹಾಕಿಸಿ. ಭಾನುವಾರ ಹತ್ತು ಗಂಟೆಗೆ ಗಾಡಿ ತನ್ನಿ, ಲಿಫ್ಟ್ ಖಾಲಿ ಇದೆ. ತೊಳೆದು ತರಬೇಡಿ, ಅಡಿ ಭಾಗ ಇದ್ದ ಹಾಗೇ ನೋಡಬೇಕು.